ಲಿನಕ್ಸ್ ಬಲ್ಲವರು ಬೇಕಾಗಿದ್ದಾರೆ, ಕನ್ನಡ ಓದು ಕಡ್ಡಾಯ

ಕನ್ನಡ ಸಂಘದವರು ನನಗೆ ಶಾಲು ಹೊದಿಸಿದ್ದು ಒಮ್ಮೆ ಮಾತ್ರ. ಅದೂ ನನಗಾಗಿ ತಂದ ಶಾಲಲ್ಲ. ಯುವಕರ ಉದ್ಯೋಗ ಮಾರ್ಗದರ್ಶನ ಶಿಬಿರಕ್ಕೆ ಬರಬೇಕಾಗಿದ್ದ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಅಂದು ಬೆಳಿಗ್ಗೆ ಹೊಟ್ಟೆ ಕೆಟ್ಟಿತು. ಮುಂಬಯಿಯ ದಹಿಸರಿನಲ್ಲಿ ಶಿಬಿರವಿದ್ದ ಸಭಾಗೃಹಕ್ಕೆ ಹತ್ತು ನಿಮಿಷದಲ್ಲಿ ನಡೆದು ಬರಬಲ್ಲ ತಜ್ಞ ಎಂದರೆ ನಾನೊಬ್ಬನೇ. ಕಾರ್ಯದರ್ಶಿಗಳು ಫೋನ್ ಮಾಡಿ, "ನೀವು ಕಂಪ್ಯೂಟರಿನಾಗ ಏನೋ ಮಾಡ್ತೀರಲ್ರಿ, ಅದನ್ನ ಅರ್ಧ ತಾಸು ಹೇಳ್ರಿ" ಅಂದರು. ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದೆ.

ಏನೋ ಮಾಡುತ್ತೇನೆ ಎಂಬುದು ನಿಜ. ಲಿನಕ್ಸ್ ಎಂಬುದೊಂದಿದೆ. ಕಂಪ್ಯೂಟರಿಗೆ ಜೀವ ಬಂದ ಕೂಡಲೇ ಮೊದಲು ಏಳುವ ವ್ಯವಸ್ಥೆ ಅದು, ಮಿಕ್ಕದ್ದೆಲ್ಲ ಅದರ ಹೆಗಲ ಮೇಲೆ. ಅದಕ್ಕೆ ಒಡೆಯನೆಂದು ಯಾರೂ ಇಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಪುಕ್ಕಟೆ ಸಿಗುತ್ತದೆ. ಅಂಥ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಸಭೆಗೆ ಇದನ್ನು ಹೀಗೆ ತಿಳಿಸಿದೆ: "ನಮ್ಮ ಬಿಲ್ಡಿಂಗಿನಾಗ ನೀರಿನ ಪಂಪ್ ಹಚ್ಚೋ ಮನುಷ್ಯ ಇರ್ತಾನಲ್ಲ, ಅವನಽ ನಾನು. ನೀರು ಬರ್ತಿರೋತನಕ ಅವನ ಮುಖ ಯಾರಿಗೂ ಗೊತ್ತಿರೂದಿಲ್ಲ. ನಿಂತ ದಿವಸ ಎಲ್ಲಾರೂ ಅವನ ಮನೀ ಬಾಗಲಿಗೆ." ನಕ್ಕರು. ನಗುವಿನಿಂದ ಧೈರ್ಯ ಬಂದು ಭವಿಷ್ಯ ನುಡಿಯಲು ಶುರು ಮಾಡಿದೆ. ಜಗತ್ತು ಪೂರ್ತಿ ಈ ಪುಕ್ಕಟೆ ವ್ಯವಸ್ಥೆಯ ಮೇಲೆ ನಡೆಯುತ್ತಿದೆ, ಬಲ್ಲವರು ಕಡಿಮೆ, ನೀವು ಕೆಲಸ ಹುಡುಕಬೇಕಾಗಿಲ್ಲ, ಕೆಲಸವೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ ಎಂದೆ. ಅಲ್ಲದೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ನನ್ನ ಕೆಲಸದ ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲೇ ಬರೆದಿಟ್ಟಿದ್ದೇನೆ ಎಂದೂ ಹೇಳಿಕೊಂಡೆ. ಇದಕ್ಕೆ ಬಿದ್ದ ಚಪ್ಪಾಳೆ ಲಿನಕ್ಸಿಗೆ ಬಿದ್ದಿರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬಳೇ ಒಬ್ಬ ಹುಡುಗಿ ಎದ್ದು ಪ್ರಶ್ನೆ ಕೇಳಿದಳು. ಮಲಾಡಿನವಳು. ತಂದೆಯದು ಅಲ್ಲಿ ಸಣ್ಣದೊಂದು ಹೋಟೆಲು, ಮನೆಮಾತು ತುಳು.

"ಅಂಕಲ್, ಇದಕ್ಕೆ ಸರ್ಟಿಫಿಕೇಟ್ ಬೇಕಾ, ಇಲ್ಲಾ ಹಾಗೇ ಚಲೇಗಾ?"

ನಾನು ಶಾಲು ಸರಿಮಾಡಿಕೊಂಡೆ. "ಸರ್ಟಿಫಿಕೇಟ್ ಅಂದ್ರ ಕಾಗದ, ತಂಗಿ. ವಿದ್ಯಾ ಕೈಯಾಗ ಇರಬೇಕು."

ಉಪ್ಪಿಟ್ಟಿಗಾಗಿ ಕಾದು ಕೂತವರೂ ಚಪ್ಪಾಳೆ ತಟ್ಟಿದರು. ಆ ಮಾತನ್ನು ನಾನು ಅಂದು ನಂಬಿದ್ದೆ ಎಂಬುದನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತೇನೆ.

ಕನ್ನಡ ಟಿಪ್ಪಣಿಗಳ ನಿಜವಾದ ಕಥೆಗೂ ಭಾಷಾಭಿಮಾನಕ್ಕೂ ಸಂಬಂಧವಿರಲಿಲ್ಲ. ನಾನಿದ್ದದ್ದು ಕುರ್ಲಾದಲ್ಲಿ, ಬೇರಿಂಗ್ ಮಾರುವ ಒಂದು ಕಂಪನಿಯಲ್ಲಿ. ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೆಯ ಮಾಳಿಗೆ, ಕೆಳಗೆ ಗೋಡೌನು. ಸೇಠ್‌ಜಿಯವರು ಲಿನಕ್ಸನ್ನು ಆರಿಸಿದ್ದು ಆಳವಾದ ತಾಂತ್ರಿಕ ವಿಮರ್ಶೆಯ ನಂತರ. "ಫ್ರೀ ಹೈ ನಾ?" ಎಂದು ಕೇಳಿದರು. ಹೌದು ಎಂದೆ. "ಫಿರ್ ಅಚ್ಛಾ ಹೀ ಹೋಗಾ" ಎಂದರು. ವಿಮರ್ಶೆ ಮುಗಿಯಿತು.

ಮೊದಲ ವರ್ಷ ನಾನೂ ಎಲ್ಲರಂತೆ ಇಂಗ್ಲಿಷಿನಲ್ಲೇ ಬರೆದಿಡುತ್ತಿದ್ದೆ. ಒಂದು ದಿನ ರಜೆ ಮುಗಿಸಿ ಬಂದು ನೋಡಿದರೆ ಡಿಸ್ಪ್ಯಾಚ್ ವಿಭಾಗದ ಗುಮಾಸ್ತ ನನ್ನ ನೋಟ್‌ಬುಕ್ ಮುಂದಿಟ್ಟುಕೊಂಡು ನನ್ನ ಕುರ್ಚಿಯಲ್ಲಿ ಕೂತಿದ್ದ. ಯಂತ್ರ ಚೆನ್ನಾಗಿಯೇ ನಡೆಯುತ್ತಿತ್ತು. ಅದೇ ನನಗೆ ಕೆಟ್ಟದ್ದೆನಿಸಿತು. ಅಂದು ಸಂಜೆ ಕುರ್ಲಾ ಸ್ಟೇಶನ್ನಿನ ಹೊರಗೆ ಇನ್ನೂರು ಪುಟದ ಹೊಸ ಉದ್ದ ನೋಟ್‌ಬುಕ್ ಕೊಂಡು, ಮೊದಲ ಪುಟದ ಮೇಲೆ "ಶ್ರೀ" ಬರೆದು, ಕನ್ನಡಕ್ಕೆ ಹೊರಳಿದೆ. ಗುಜರಾತಿ, ಮರಾಠಿ, ಭೋಜಪುರಿಯವರ ನಡುವೆ ಕನ್ನಡಕ್ಕಿಂತ ಗಟ್ಟಿಯಾದ ಬೀಗ ಯಾವುದಿದೆ? ಯಂತ್ರಗಳ ಹೆಸರನ್ನೂ ಬದಲಿಸಿದೆ. ಇದ್ದವು ಮೂರು. ಸ್ಟಾಕು, ಆರ್ಡರು, ಬಿಲ್ಲು ಎಲ್ಲ ಯಾರ ಕೈಯಲ್ಲಿದ್ದವೋ, ಯಾರು ಮುನಿಸಿಕೊಂಡರೆ ಗೋಡೌನೇ ನಿಲ್ಲುತ್ತಿತ್ತೋ, ಆಕೆ ಅತ್ತಿ. ಹಳೆಯದನ್ನೆಲ್ಲ ನೆನಪಿಟ್ಟುಕೊಂಡು ಮೂಲೆಯಲ್ಲಿ ಸುಮ್ಮನೆ ಕೂತಿದ್ದು, ಯಾರೂ ಏನೂ ಕೇಳದಿದ್ದವನು ಮಾವ. ಹೊರಗಿನ ಲೋಕದೊಡನೆ ಪತ್ರವ್ಯವಹಾರ ಇಟ್ಟುಕೊಂಡು, ಆಗಾಗ ರೋಗ ತಗಲಿಸಿಕೊಂಡು ಬರುವವನು ಅಳಿಯ.

ಇದು ತಿಳಿದ ದಿನ ನನ್ನ ಹೆಂಡತಿ ಹೇಳಿದಳು: "ನಮ್ಮವ್ವನ ಹೆಸರು ಹಾಳ ಮಾಡಾಕ ಕುರ್ಲಾತನಾ ಹೋಗಬೇಕಿತ್ತೇನ್ರಿ? ಇಲ್ಲೇ ದಹಿಸರದಾಗ ಮಾಡಬಹುದಿತ್ತಲ್ಲ."

ಹೀಗೆ ಒಂಬತ್ತು ನೋಟ್‌ಬುಕ್ ತುಂಬಿದವು. ಪಾಸ್‌ವರ್ಡನ್ನು ಬರೆದಿಡಬಾರದು ಎಂಬ ಶಾಸ್ತ್ರವನ್ನೂ ಮುರಿಯಲಿಲ್ಲ. "ನಾವು ಮೂರನೇ ಸಲ ಬಾಡಿಗೆ ಹಿಡಿದ ಮನೆಯ ಮಾಲಕಿ ಬೈಯುತ್ತಿದ್ದ ಮಾತು" ಎಂದಷ್ಟೇ ಬರೆದೆ. ಬೈದದ್ದು ನನಗೆ, ಹಾಗಾಗಿ ಮರೆಯುವ ಭಯವಿರಲಿಲ್ಲ.

ಶಾಲು ಹೊದ್ದು ಎರಡು ವರ್ಷವಾಗಿರಬಹುದು. ಸೇಠ್‌ಜಿಯವರ ಮೊಣಕಾಲು ಸೋತು ಅವರು ಬರುವುದು ನಿಂತಿತು. ಮಗ ಬಂದ. ಛೋಟೇ ಸೇಠ್ ಒಂದು ಮಧ್ಯಾಹ್ನ ನನ್ನನ್ನು ಕ್ಯಾಬಿನ್ನಿಗೆ ಕರೆದು ಕಾಜು ಕಟ್ಲಿಯ ಡಬ್ಬಿ ಮುಂದೆ ತಳ್ಳಿದ. ಹಬ್ಬವಿಲ್ಲದ ದಿನ ಸೇಠ್ ಸಿಹಿ ಕೊಟ್ಟರೆ ಹುಷಾರಾಗಿರಬೇಕು. ಎಲ್ಲವೂ ಒಂದೊಂದಾಗಿ ಕ್ಲೌಡಿಗೆ, ಅಂದರೆ ದೂರದ ಬಾಡಿಗೆ ಯಂತ್ರಗಳಿಗೆ, ಹೋಗಲಿದೆ, ಮಲಾಡಿನ ಒಂದು ಕಂಪನಿ ಇಡೀ ಕೆಲಸವನ್ನು ವಹಿಸಿಕೊಳ್ಳಲಿದೆ, ನನಗೆ ಎರಡು ತಿಂಗಳ ಸಮಯವಿದೆ ಎಂದ. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದ: "ಅಂಕಲ್, ಲಿನಕ್ಸ್‌ಗೆ ಮಾರ್ಕೆಟ್‌ನಲ್ಲಿ ಎಷ್ಟು ಡಿಮ್ಯಾಂಡ್ ಇದೆ! ಕೆಲಸ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ." ಹಿಂದಿಯಲ್ಲಿ ಹೇಳಿದ ಎಂಬುದೊಂದು ಬಿಟ್ಟರೆ ಅದು ನನ್ನದೇ ಭಾಷಣ.

ಆಗ ನನಗೆ ಐವತ್ತಮೂರು. ಮಗಳ ಓದು ಇನ್ನೂ ಒಂದು ವರ್ಷ ಬಾಕಿ. ಮನೆಯಲ್ಲಿ ಇನ್ನೊಂದು ಸಂಬಳವಿರಲಿಲ್ಲ. ಹೆಂಡತಿ ಹದಿನೆಂಟು ವರ್ಷ ಕನ್ನಡ ಮಾಧ್ಯಮದ ಖಾಸಗಿ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದಳು. ಕೊನೆಯ ವರ್ಷ ಅವಳ ತರಗತಿಯಲ್ಲಿ ನಾಲ್ಕು ಮಕ್ಕಳಿದ್ದರು. ಅವರಲ್ಲಿ ಇಬ್ಬರು ಅಣ್ಣತಮ್ಮಂದಿರು. ಅವರ ಅಪ್ಪ ಇಬ್ಬರನ್ನೂ ಇಂಗ್ಲಿಷ್ ಶಾಲೆಗೆ ಸೇರಿಸಿದ ದಿನ ಅರ್ಧ ತರಗತಿ ಖಾಲಿಯಾಯಿತು, ಆ ಬೇಸಿಗೆಯಲ್ಲೇ ಶಾಲೆ ಮುಚ್ಚಿತು. ಅಂದು ನಾನು, ಪೇಟೆ ಬಲ್ಲ ಗಂಡಸಾಗಿ, ಅವಳಿಗೆ ತಿಳಿಹೇಳಿದ್ದೆ: ಕನ್ನಡಕ್ಕೆ ಮುಂಬಯಿಯಲ್ಲಿ ಬೇಡಿಕೆ ಇಲ್ಲ, ಬೇಡಿಕೆ ಇರುವ ವಿದ್ಯೆಯೇ ಬೇರೆ. ಅವಳು ಅದನ್ನು ನೆನಪಿಟ್ಟುಕೊಂಡಿದ್ದಳು.

ಹುಡುಕಾಟ ಶುರುವಾಯಿತು. ಬೇಡಿಕೆ ಇತ್ತು, ಅದರಲ್ಲಿ ಮೋಸವಿಲ್ಲ. ದಿನಾ ಬೆಳಿಗ್ಗೆ ದಹಿಸರಿನಿಂದ ಗಾಡಿ ಬದಲಿಸುವ ದಾದರಿನತನಕ ಲೋಕಲ್‌ನಲ್ಲಿ ಮೂವರ ಬೆಂಚಿನ ನಾಲ್ಕನೆಯ ಸೀಟಿನ ಅಂಚಿಗೆ ಅರ್ಧ ಮೈ ಊರಿಕೊಂಡು ಫೋನಿನಲ್ಲಿ ಜಾಹೀರಾತು ಓದುತ್ತಿದ್ದೆ. ಎಲ್ಲರಿಗೂ ಲಿನಕ್ಸ್ ಬಲ್ಲವನು ಬೇಕು, ತುರ್ತಾಗಿ ಬೇಕು, ನಿನ್ನೆಯೇ ಬೇಕು. ಅವನಿಗೆ ಸರ್ಟಿಫಿಕೇಟ್ ಇರಬೇಕು, ಮೂವತ್ತೈದು ದಾಟಿರಬಾರದು, ಮೇಲಿಂದ ಹದಿನೈದು ವರ್ಷದ ಅನುಭವವೂ ಬೇಕು. ಅಂಥವನು ಇದ್ದರೆ ಅವನಿಗೂ ಶಾಲು ಹೊದಿಸಬೇಕು.

ಕೆಲಸ ಕೊಡಿಸುವ ಏಜೆನ್ಸಿಯೊಂದು ಮಲಾಡ್ ಸ್ಟೇಶನ್ನಿನ ಬಳಿ, ಕರಿದ ತಿಂಡಿ ಮಾರುವ ಫರ್ಸಾಣ ಅಂಗಡಿಯ ಮೇಲಿತ್ತು. ಅಲ್ಲಿಯ ಟೈ ಕಟ್ಟಿದ ಯುವಕ ನನ್ನ ಬಯೋಡೇಟಾ ಎದುರಿಗಿಟ್ಟುಕೊಂಡು ಕಂಪ್ಯೂಟರಿನಲ್ಲಿ ತುಂಬತೊಡಗಿದ.

"ಸರ್, ಒಟ್ಟು ಅನುಭವ?"

"ಇಪ್ಪತ್ತನಾಲ್ಕು ವರ್ಷ."

"ಸಂಬಂಧಪಟ್ಟ ಅನುಭವ?"

"ಅದೂ ಇಪ್ಪತ್ತನಾಲ್ಕೇ. ನಡುವೆ ಬೇರೆ ಏನೂ ಮಾಡಿಲ್ಲ."

"ಸರ್ಟಿಫಿಕೇಟ್ ಆದ ಮೇಲಿನ ಅನುಭವ?"

ಸರ್ಟಿಫಿಕೇಟೇ ಇಲ್ಲವೆಂದೆ. ಅವನು ಬಹಳ ಮರ್ಯಾದೆಯಿಂದ ಸೊನ್ನೆ ಹಾಕಿದ. ಕೆಳಗಿನಿಂದ ಗಾಂಠಿಯಾ ಕರಿಯುವ ವಾಸನೆ ಬರುತ್ತಿತ್ತು. ಆ ಸೊನ್ನೆಯನ್ನು ನೋಡುತ್ತ ಕೂತವನಿಗೆ ಹಸಿವೂ ಆಯಿತು.

ಮುಂದೆ ಒಂದಾದ ಮೇಲೊಂದು ತಿರಸ್ಕಾರದ ಪತ್ರಗಳು ಬಂದವು. ಮನುಷ್ಯರು ಓದಿ ಬರೆದ ಪತ್ರಗಳಲ್ಲ, ಅರ್ಜಿ ಕಳಿಸಿದ ಎರಡು ನಿಮಿಷಕ್ಕೆ ಯಂತ್ರ ಕಳಿಸಿದವು. ಕುತೂಹಲಕ್ಕೆ ಒಂದು ಪತ್ರದ ಒಳಗನ್ನು ಬಿಚ್ಚಿ, ಎಲ್ಲಿಂದ ಹೊರಟು ಹೇಗೆ ಬಂತು ಎಂದು ನೋಡಿದೆ. ನನ್ನನ್ನು ಬೇಡವೆಂದ ಯಂತ್ರವೂ ಲಿನಕ್ಸಿನ ಮೇಲೇ ನಡೆಯುತ್ತಿತ್ತು. ಒಳ್ಳೆಯ ವ್ಯವಸ್ಥೆ, ಅಚ್ಚುಕಟ್ಟಾಗಿ ಇಟ್ಟಿದ್ದರು. ಕಸುಬಿನವನಾಗಿ ಮೆಚ್ಚಿಕೊಳ್ಳದೆ ಇರಲಾಗಲಿಲ್ಲ.

ಎರಡು ತಿಂಗಳು ಮುಗಿಯಿತು. ಕೊನೆಯ ದಿನ ಒಂಬತ್ತೂ ನೋಟ್‌ಬುಕ್‌ಗಳನ್ನು ಸೀರೆ ಅಂಗಡಿಯ ಬಟ್ಟೆ ಚೀಲವೊಂದರಲ್ಲಿ ತುಂಬಿ, ಮಲಾಡಿನ ಕಂಪನಿಯಿಂದ ಬಂದಿದ್ದ ಮ್ಯಾನೇಜರನಿಗೆ, ರಾಜ್ಯಭಾರ ವಹಿಸಿಕೊಡುವ ಗಾಂಭೀರ್ಯದಿಂದ ಒಪ್ಪಿಸಿದೆ. ಅವನು ಒಂದನ್ನು ತೆರೆದ. ತಿರುಗಿಸಿ ಹಿಡಿದ. ಮತ್ತೆ ಮೊದಲಿನಂತೆ ಹಿಡಿದ.

"ಯೇ ಕೌನ್ಸಾ ಕೋಡ್ ಹೈ, ಅಂಕಲ್?"

"ಕನ್ನಡ."

ಅವನೇನೂ ಹೆದರಲಿಲ್ಲ. ಫೋನಿನ ಕ್ಯಾಮೆರಾ ಹಿಡಿದರೆ ಯಾವ ಭಾಷೆಯಾದರೂ ಇಂಗ್ಲಿಷಾಗುತ್ತದಂತೆ. ನನ್ನ ಅಕ್ಷರ ಫೋನಿಗೆ ಅರ್ಧ ತಿಳಿಯಿತು. ಆ ಅರ್ಧದಲ್ಲಿ ಬಂದದ್ದಿಷ್ಟು: ಅತ್ತೆಯನ್ನು ಎರಡನೇ ಶನಿವಾರ ಬಿಟ್ಟು ಬೇರೆ ದಿನ ಮುಟ್ಟಬಾರದು. ಮಾವ ಎಚ್ಚರವಿದ್ದಾನೆಯೇ ನೋಡಿಕೊಳ್ಳಬೇಕು. ಅಳಿಯನ ಬಾಗಿಲು ತೆರೆದಿಟ್ಟರೆ ಕಳ್ಳರು ಬರುತ್ತಾರೆ. ಮ್ಯಾನೇಜರ್ ದನಿ ತಗ್ಗಿಸಿ, "ಅಂಕಲ್, ಘರ್ ಪೇ ಸಬ್ ಠೀಕ್ ಹೈ ನಾ?" ಎಂದು ಮನೆಯ ಕ್ಷೇಮ ಕೇಳಿದ. ನಾನು ವಿವರಿಸಬಹುದಿತ್ತು. ಅವನೂ ಕೇಳಬಹುದಿತ್ತು. ತಮ್ಮ ಹತ್ತಿರ ಎಲ್ಲಕ್ಕೂ ಟೂಲ್ಸ್ ಇವೆ ಎಂದು ಅವನು ಆಗಲೇ ಛೋಟೇ ಸೇಠ್‌ಗೆ ಮಾತು ಕೊಟ್ಟಾಗಿತ್ತು. ನನಗೆ ಯಾವ ಮಾತೂ ಕೊಡುವ ಮನಸ್ಸಿರಲಿಲ್ಲ. ಪಾಸ್‌ವರ್ಡಷ್ಟೇ ಬಾಯಲ್ಲಿ ಹೇಳಿ, ಸಹಿ ಮಾಡಿ ಮನೆಗೆ ಬಂದೆ.

ಮೂರು ವಾರ ಮನೆಯಲ್ಲಿ ಕೂತು ಬಾಲ್ಕನಿಯ ತುಳಸಿಗೆ ಅಗತ್ಯಕ್ಕಿಂತ ಹೆಚ್ಚು ನೀರು ಹಾಕಿದೆ. ಒಂದು ಬೆಳಿಗ್ಗೆ ಹೆಂಡತಿ ಕನ್ನಡಕ ಏರಿಸಿಕೊಂಡು ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು, ತರಗತಿಯಲ್ಲಿ ಪಾಠ ಓದಿಸುವ ದನಿಯಲ್ಲಿ ಓದಿದಳು: "ಮಲಾಡ್. ತುರ್ತಾಗಿ ಬೇಕಾಗಿದ್ದಾರೆ. ಲಿನಕ್ಸ್ ಬಲ್ಲವರು. ಸರ್ಟಿಫಿಕೇಟ್ ಕಡ್ಡಾಯ. ವಯಸ್ಸು ಮೂವತ್ತೈದರೊಳಗ. ಕನ್ನಡ ಓದು ಕಡ್ಡಾಯ." ನಿಲ್ಲಿಸಿ ನನ್ನ ಕಡೆ ನೋಡಿದಳು. "ಇದು ನಿಮ್ಮ ಕೆಲಸಾನಽ ಐತಲ್ರಿ?"

ನನ್ನದೇ. ಇಡೀ ಮುಂಬಯಿಯಲ್ಲಿ ಈ ಎರಡು ವಿದ್ಯೆ ಒಟ್ಟಿಗೆ ಬೇಕಾದ ಕುರ್ಚಿ ಒಂದೇ, ಅದನ್ನು ಮಾಡಿಟ್ಟವನು ನಾನು. ಅರ್ಜಿ ಹಾಕಿದೆ. ಮರುದಿನ ಫರ್ಸಾಣ ಅಂಗಡಿಯ ಮೇಲಿನ ಯುವಕನ ಫೋನು ಬಂತು. ಅವನಿಗೆ ನಿಜಕ್ಕೂ ಬೇಸರವಾಗಿತ್ತು. "ಸರ್, ನಿಮ್ಮ ಕನ್ನಡ ಚೆನ್ನಾಗಿದೆ, ಅದನ್ನು ಸಿಸ್ಟಮ್ ಒಪ್ಪಿದೆ. ಆದರೆ ಈ ಹುದ್ದೆಯ ಅನುಭವ ನಿಮಗೆ ಸಾಲದು ಎನ್ನುತ್ತಿದೆ."

"ಹಂಗಾರ ಹಿಂಗ ಮಾಡ್ರಿ," ಎಂದಳು ಹೆಂಡತಿ, ಸೊಪ್ಪು ಸೋಸುತ್ತ. "ಬೇಡಿಕೆ ಇರೋ ವಿದ್ಯಾ ಯಾವುದು ಅಂತ ನನಗ ಇನ್ನೊಮ್ಮೆ ತಿಳಿಸಿ ಹೇಳ್ರಿ."

ಎರಡು ವಾರ ಕಳೆದು ಒಂದು ಶನಿವಾರ ಮುಂಜಾನೆ ಬಾಗಿಲ ಗಂಟೆ ಬಾರಿಸಿತು. ಹೊರಗೆ ಹುಡುಗಿಯೊಬ್ಬಳು, ಕೈಯಲ್ಲಿ ಸೀರೆ ಅಂಗಡಿಯ ಚೀಲ. ಚೀಲದ ಗುರುತು ಮೊದಲು ಹತ್ತಿತು, ಆಮೇಲೆ ಹುಡುಗಿಯದು. ಸಭಾಗೃಹದ ಹಿಂದಿನ ಸಾಲಿನವಳು. ಸಂಘದ ಕಾರ್ಯದರ್ಶಿಗಳಿಂದ ವಿಳಾಸ ಕೇಳಿಕೊಂಡು ಬಂದಿದ್ದಳು.

"ಅಂಕಲ್, ಅತ್ತಿ ಎದ್ದೇಳ್ತಾ ಇಲ್ಲ," ಎಂದು ಅಳುವುದೊಂದು ಬಾಕಿ ಇಟ್ಟು ಹೇಳಿದಳು. "ನಿನ್ನೆ ಕುರ್ಲಾದಲ್ಲಿ ಲೈಟ್ ಹೋಗಿತ್ತು. ಆಮೇಲೆ ಅಳಿಯ ಎದ್ದ. ಅತ್ತಿ ಉಠ್ತಾನೇ ಇಲ್ಲ."

ಅಡಿಗೆಮನೆಯಿಂದ ಹೆಂಡತಿ ಓಡಿ ಬಂದಳು. "ಯಾರ ಅತ್ತಿ? ಏನಾತು?"

ಕೂರಿಸಿ, ಚಹಾ ಕೊಟ್ಟು ಕೇಳಿದ ಮೇಲೆ ಕಥೆ ತಿಳಿಯಿತು. ನನ್ನ ಜಾಗ ಇವಳಿಗೆ ಸಿಕ್ಕಿತ್ತು. ಸರ್ಟಿಫಿಕೇಟ್ ಇತ್ತು. ಕನ್ನಡ ಬರುತ್ತದೆಯೇ ಎಂದು ಕೇಳಿದಾಗ ಹೌದು ಎಂದಿದ್ದಳು. ಮಾತಾಡಲು ಬರುತ್ತದಲ್ಲ, ಸುಳ್ಳೇನಲ್ಲ. ಆದರೆ ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ. ಕನ್ನಡದ ಒಂದಕ್ಷರ ಓದಲು ಬಾರದು. ಪರೀಕ್ಷೆ ಮಾಡಲು ಆ ಕಂಪನಿಯಲ್ಲಿ ಅಕ್ಷರ ಬಲ್ಲವರು ಯಾರಿದ್ದರು? ಕಾಗುಣಿತದ ವಿಡಿಯೊ ನೋಡಿಕೊಂಡು ದಿನ ದೂಡಿದ್ದಳು. ಈಗ ಕುರ್ಲಾದ ಗೋಡೌನಿನಲ್ಲಿ ನಿನ್ನೆಯಿಂದ ಒಂದು ಬೇರಿಂಗೂ ಹೊರಗೆ ಹೋಗಿಲ್ಲ, ಛೋಟೇ ಸೇಠ್ ಮಲಾಡಿಗೆ ಫೋನ್ ಮಾಡಿ ಕಿರುಚುತ್ತಿದ್ದಾನೆ. ಇವಳ ಕೆಲಸ ಇನ್ನೂ ಪಕ್ಕಾ ಆಗಿಲ್ಲ. ಇಂದು ಅತ್ತಿ ಏಳದಿದ್ದರೆ ಸೋಮವಾರ ಇವಳು ಹೋಗಬೇಕಾಗಿಲ್ಲ.

ನನಗೆ ಒಂದು ನಿಮಿಷ ಬಹಳ ಸಂತೋಷವಾಯಿತು. ಒಪ್ಪಿಕೊಳ್ಳಬೇಕು, ಎರಡು ನಿಮಿಷ.

"ಸರ್ಟಿಫಿಕೇಟ್ ಮಾಡಿದಿಯಾ?" ಎಂದೆ.

"ಮಾಡಿದೆ ಅಂಕಲ್. ನಿಮ್ಮ ಭಾಷಣ ಕೇಳಿಯೇ ಈ ಲೈನಿಗೆ ಬಂದದ್ದು. ಸರ್ಟಿಫಿಕೇಟ್ ಬೇಡ ಅಂತ ನೀವು ಹೇಳಿದ್ರಿ. ಮನೆಯಲ್ಲಿ ಪಪ್ಪ, ಆ ಅಂಕಲ್‌ಗೆ ಏನೂ ಗೊತ್ತಿಲ್ಲ, ಮಾಡು ಅಂದ್ರು."

ಹೋಟೆಲಿನವರಿಗೆ ಪೇಟೆಯ ಹದ ತಿಳಿದಿರುತ್ತದೆ.

ಹೆಂಡತಿ ನನ್ನ ಮುಂದೆ ಚೀಲ ತಂದಿಟ್ಟು ಅಲ್ಲೇ ನಿಂತಳು. ಅವಳು ಹಾಗೆ ನಿಂತರೆ ಶಾಲೆಯಲ್ಲಿ ಎಂಥ ಪೋಕರಿಯೂ ಪುಸ್ತಕ ತೆರೆಯುತ್ತಿದ್ದನಂತೆ. ನಾನೂ ತೆರೆದೆ. ಒಂಬತ್ತನೆಯ ನೋಟ್‌ಬುಕ್, "ಕರೆಂಟ್ ಹೋಗಿ ಬಂದಾಗ". ಅದರ ಕೆಳಗೆ ನನ್ನ ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು: "ಹೋದ ಸಲ ಮಾಡಿದಂಗ ಮಾಡು." ಏಳನೆಯದರಲ್ಲೂ ಅದೇ ಇತ್ತು. ಐದನೆಯದರಲ್ಲಿ, "ಗೊತ್ತಽ ಐತಲ್ಲ." ಇಪ್ಪತ್ತಮೂರು ವರ್ಷ ಯಾರಿಗೂ ತಿಳಿಯಬಾರದೆಂದು ಬರೆಯುತ್ತ ಹೋದವನು ನನ್ನನ್ನೂ ಆ ಪಟ್ಟಿಗೆ ಸೇರಿಸಿಕೊಂಡಿದ್ದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಂಭೀರವಾಗಿ ಪುಟ ತಿರುವಿದೆ. ಗಾಂಭೀರ್ಯ ಬಿಟ್ಟು ಬೇರೆ ಬಂಡವಾಳ ಆಗ ಉಳಿದಿರಲಿಲ್ಲ.

ಎರಡನೆಯ ನೋಟ್‌ಬುಕ್ಕಿನ ನಡುವೆ ಸಿಕ್ಕಿತು. "ಮೊದಲು ಮಾವ. ಅವನು ಪೂರಾ ಎದ್ದು ಕೂತ ಮೇಲೆ ಅತ್ತಿ. ಕಡೀಕ ಅಳಿಯ." ಅತ್ತಿಯ ಹಳೆಯ ಕಾಗದಪತ್ರವೆಲ್ಲ ಮಾವನ ಬಳಿ ಇರುತ್ತವೆ. ಎದ್ದ ಕೂಡಲೇ ಆಕೆ ಅವನ್ನು ಕೇಳುತ್ತಾಳೆ. ಮಾವ ಮಲಗಿದ್ದರೆ ಕೇಳುತ್ತ ಹೊಸ್ತಿಲಲ್ಲೇ ನಿಂತುಬಿಡುತ್ತಾಳೆ, ಒಳಗೆ ಹೆಜ್ಜೆ ಇಡುವುದಿಲ್ಲ.

"ಮಾವನ್ನ ಎಬ್ಬಿಸಿದ್ರೇನು?" ಎಂದೆ.

"ಅವನು ಯಾಕೆ ಅಂಕಲ್? ಅದು ಓಲ್ಡ್ ಬ್ಯಾಕಪ್, ಯೂಸ್ ಇಲ್ಲ ಅಂತ ಸರ್ ಸ್ವಿಚ್ಚೇ ತೆಗೆಸಿದ್ರು."

ಕುರ್ಲಾದಲ್ಲಿದ್ದ ಪ್ಯೂನನಿಗೆ ಅವಳೇ ಫೋನ್ ಹಚ್ಚಿದಳು. ಎಲ್ಲವನ್ನೂ ಬಂದ್ ಮಾಡಿಸಿ, ಮಾವನಿಗೆ ಮತ್ತೆ ಕರೆಂಟು ಕೊಡಿಸಿದೆವು. ಇನ್ನೊಂದು ಸುತ್ತು ಚಹಾ ಮುಗಿಯುವತನಕ ಕಾದೆವು. ಆಮೇಲೆ ಅತ್ತಿ. ಹುಡುಗಿ ತನ್ನ ಲ್ಯಾಪ್‌ಟಾಪ್ ನೋಡುತ್ತಿದ್ದವಳು, "ಉಠ್ ಗಯೀ!" ಎಂದು ಕೂಗಿ ನನ್ನ ಹೆಂಡತಿಯನ್ನು ಅಪ್ಪಿಕೊಂಡಳು. ನನ್ನ ಹೆಂಡತಿ, ಅವಳ ತಾಯಿ ಧಾರವಾಡದಲ್ಲಿ ಕ್ಷೇಮವಾಗಿಯೇ ಇದ್ದರೂ, ಕಣ್ಣು ಒರೆಸಿಕೊಂಡಳು.

ಸೋಮವಾರ ಆ ಹುಡುಗಿ ಮ್ಯಾನೇಜರನಿಗೆ, ತನಗೆ ಕನ್ನಡ ಓದಲು ಬಾರದು, ಓದಿ ಹೇಳಿದವನು ನಾನು ಎಂದು ನಿಜ ಹೇಳಿದಳು. ನಾನು ಅವಳ ಜಾಗದಲ್ಲಿದ್ದರೆ ಹೇಳುತ್ತಿರಲಿಲ್ಲ. ಆದರೂ ಯಂತ್ರವನ್ನು ಸರಿಯಾಗಿ ಎಬ್ಬಿಸಿದ್ದಾಳೆಂದು ಅವಳ ಕೆಲಸವನ್ನು ಪಕ್ಕಾ ಮಾಡಿದರು. ಒಂಬತ್ತು ನೋಟ್‌ಬುಕ್‌ಗಳನ್ನೂ ಇಂಗ್ಲಿಷಿಗೆ ಇಳಿಸಿಕೊಡಬೇಕು, ಅದಕ್ಕೆ ತಿಂಗಳ ಸಂಬಳ ಕೊಡುತ್ತೇವೆ ಎಂದು ನಮ್ಮ ಮನೆಗೆ ಫಾರ್ಮು ಬಂತು. ಹುದ್ದೆ: ಪ್ರಾದೇಶಿಕ ಭಾಷಾ ಅನುವಾದಕ. ವಯಸ್ಸಿನ ಮಿತಿ ಇಲ್ಲ. ಪೆನ್ನು ತೆಗೆದು ತುಂಬುತ್ತ ಬಂದೆ. ಆರನೆಯ ಕಲಮಿನಲ್ಲಿ ನಿಂತೆ: ಕನ್ನಡ ಭಾಷೆಯಲ್ಲಿ ವಿದ್ಯಾರ್ಹತೆ, ಸರ್ಟಿಫಿಕೇಟ್ ಲಗತ್ತಿಸಿ. ನನ್ನದು ಭೌತಶಾಸ್ತ್ರದ ಬಿ.ಎಸ್ಸಿ.

ಹೆಂಡತಿ ಕಪಾಟು ತೆರೆದು, ಸೀರೆಗಳ ಅಡಿಯಿಂದ, ಲ್ಯಾಮಿನೇಶನ್ ಮಾಡಿಸಿಟ್ಟ ತನ್ನ ಕನ್ನಡ ಎಂ.ಎ. ಮತ್ತು ಬಿ.ಎಡ್. ಹೊರಗೆ ತೆಗೆದಳು. ಫಾರ್ಮಿನಲ್ಲಿ ನನ್ನ ಹೆಸರು ಹೊಡೆದು ತನ್ನ ಹೆಸರು ಬರೆದಳು. "ಕಾಗದ," ಎಂದಳು. ಅಷ್ಟೇ.

ಹೀಗೆ, ಲಿನಕ್ಸಿಗೆ ಅಪಾರ ಬೇಡಿಕೆ ಇರುವ ಈ ಊರಿನಲ್ಲಿ ಕನ್ನಡ ಮಾಸ್ತರಿಣಿಗೆ ಕೆಲಸ ಸಿಕ್ಕಿತು. ನಾನು ಅವಳ ಸಹಾಯಕ, ಗೌರವ ಹುದ್ದೆ. ಮಧ್ಯಾಹ್ನ ಊಟವಾದ ಮೇಲೆ ಅವಳು ಮೇಜಿಗೆ ಕೂಡುತ್ತಾಳೆ, ನಾನು ನನ್ನ ಅಕ್ಷರ ಓದಿ ಅರ್ಥ ಹೇಳುತ್ತೇನೆ. ಭಾನುವಾರ ಆ ಹುಡುಗಿ ಬರುತ್ತಾಳೆ, ಕಾಗುಣಿತ ಕಲಿಯಲು. ಈಗ "ಮಾವ" ಎಂಬಲ್ಲಿಯವರೆಗೆ ಓದುತ್ತಾಳೆ.

ಮೊನ್ನೆ ನಾಲ್ಕನೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬಂತು: "ಅತ್ತಿ ಮುದುಕಿ ಆಗ್ಯಾಳ, ಯಾವತ್ತ ಕೈ ಕೊಡ್ತಾಳೋ." ಹೆಂಡತಿ ಕೆಂಪು ಪೆನ್ನಿನಿಂದ ಅದರ ಅಡಿಗೆ ಗೆರೆ ಎಳೆದು, ಇಂಗ್ಲಿಷಿನಲ್ಲಿ ಬೇರೆಯೇ ಬರೆದಳು: ಈ ಯಂತ್ರ ಹಳೆಯದು, ಅನುಭವಿ, ನಂಬಬಹುದು. ಅದನ್ನೋದಿದ ಮಲಾಡಿನವರು ಅತ್ತಿಯನ್ನು ಕ್ಲೌಡಿಗೆ ಏರಿಸುವ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಿದ್ದಾರಂತೆ. ವಯಸ್ಸಾದವರ ಬಗ್ಗೆ ಯಾರಾದರೂ ಒಂದು ಸಾಲು ಹೀಗೆ ಬರೆದುಕೊಟ್ಟರೆ ಸಾಕು. ನನ್ನ ಬಯೋಡೇಟಾವನ್ನು ನಾನೇ ಬರೆದುಕೊಂಡದ್ದು ತಪ್ಪಾಯಿತು.

ಈ ಚಾಕರಿ ನೋಟ್‌ಬುಕ್ ಇರುವತನಕ. ಒಂಬತ್ತು ಮುಗಿದರೆ ಸಂಬಳವೂ ಮುಗಿಯಿತು, ಮಗಳ ಓದಿಗೆ ಇನ್ನೂ ಎಂಟು ತಿಂಗಳಿದೆ. ಇದನ್ನು ನಾನು ಹೆಂಡತಿಗೆ ಹೇಳಿದೆ. ಅವಳು ಯೋಚನೆ ಮಾಡಲಿಲ್ಲ.

"ಎಲ್ಲಾ ಕಡೆ 'ಹೋದ ಸಲ ಮಾಡಿದಂಗ ಮಾಡು' ಅಂತ ಬರದೀರಲ್ರಿ. ಹೋದ ಸಲ ಏನ ಮಾಡಿದ್ರಿ ಅಂತ ಯಾರಿಗೆ ಗೊತ್ತು? ಅದನ್ನ ಬರೀರಿ. ಕನ್ನಡದಾಗ ಬರೀರಿ."

ಸ್ಟೇಶನ್ನಿಗೆ ಹೋಗಿ ಇನ್ನೂರು ಪುಟದ ಉದ್ದ ನೋಟ್‌ಬುಕ್ ತಂದಿದ್ದೇನೆ. ಮೊದಲ ಪುಟದ ಮೇಲೆ "ಶ್ರೀ" ಬರೆದಾಗಿದೆ. ಹತ್ತನೆಯದೊಂದು ಇದೆ ಎಂದು ಮಲಾಡಿಗೆ ತಿಳಿಸಿದೆವು. ಅವರು ತುರ್ತಾಗಿ ಬೇಕು ಎಂದಿದ್ದಾರೆ.